ಹಳೇ ಡೀಸೆಲ್ ಕಾರಿಗೆ ದೊಡ್ಡ ರಿಪೇರಿ ಬಂದಾಗ

ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ದೊಡ್ಡ ರಿಪೇರಿ ಬಂದರೆ, ಎಸ್ಟಿಮೇಟ್ ಕೇಳಿದ ದಿನವೇ ಹೂಂ ಅನ್ನಬೇಡಿ. ಮೊದಲು ಕಾಯಿಲೆ ಏನು ಅಂತ ಪತ್ತೆ ಮಾಡಿಸಿ, ಅದಕ್ಕೆ ಬೇರೆಯಾಗಿ ದುಡ್ಡು ಕೊಡಿ. ಸಾಮಾನು ಕೊಳ್ಳುವುದು ಆಮೇಲಿನ ಮಾತು.

ನನಗೆ ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. 2012ರ ಡೀಸೆಲ್ ಕಾರು, 1248 ಸಿಸಿ ಎಂಜಿನ್. ಕಾರಟಗಿ, ಸಿಂಧನೂರು, ಕಂಪ್ಲಿ ಅಂತ ಓಡಾಟ ಇದ್ದೇ ಇರುತ್ತದೆ. ಭತ್ತದ ನಾಟಿ ಸಮಯದಲ್ಲಿ ಕಾರು ಕೆಟ್ಟರೆ ಎಷ್ಟು ಆತುರ ಆಗುತ್ತದೆ ಅಂತ ಚೆನ್ನಾಗಿ ಗೊತ್ತು. ಆ ಆತುರಕ್ಕೇ ಜಾಸ್ತಿ ದುಡ್ಡು ಹೋಗುವುದು.

ಹೋದ ಬೇಸಿಗೆಯಲ್ಲಿ ಆಗಿದ್ದು ಹೇಳುತ್ತೇನೆ. ಬೆಳಿಗ್ಗೆ ಕಾರು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಓಡಾಡಿ ಬಂದು ಬಿಸಿ ಇರುವಾಗ ಆಫ್ ಮಾಡಿದರೆ ಮುಗೀತು, ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುತ್ತಿರಲಿಲ್ಲ. "ನಾಲ್ಕೂ ನೋಜಲ್ ಹೋಗ್ಯಾವ್ರಿ ಸಾವ್ಕಾರ್ರ, ಪಂಪೂ ಬದ್ಲಿ ಮಾಡೋದು ಚಲೋ" ಅಂದರು ಗ್ಯಾರೇಜಿನವರು. ಎಸ್ಟಿಮೇಟ್ ಎಂಬತ್ತು ಸಾವಿರದ ಹತ್ತಿರ. "ಮೊದ್ಲು ರಿಟರ್ನ್ ಟೆಸ್ಟ್ ಮಾಡ್ರಿ ಭಾಯ್, ಆಮ್ಯಾಲೆ ಮಾತಾಡೋಣ" ಅಂದೆ.

ಈ ಟೆಸ್ಟ್ ತಿಳಿದಿರುವುದು ಒಳ್ಳೆಯದು. ಗ್ಯಾರೇಜಿನವರು ನೋಜಲ್ ಅಂದಿದ್ದು ಇಂಜೆಕ್ಟರಿಗೆ, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಸಾಮಾನಿಗೆ. ಪ್ರತಿ ಇಂಜೆಕ್ಟರ್‌ನಿಂದಲೂ ಸ್ವಲ್ಪ ಡೀಸೆಲ್ ವಾಪಸ್ ಬರುತ್ತದೆ. ಆ ರಿಟರ್ನ್ ಪೈಪ್‌ಗಳನ್ನು ಬಿಚ್ಚಿ ನಾಲ್ಕಕ್ಕೂ ಒಂದೊಂದು ಸಣ್ಣ ಬಾಟಲಿ ಕಟ್ಟುತ್ತಾರೆ. ಎಂಜಿನ್ ಕೆಲವು ನಿಮಿಷ ಓಡಿಸುತ್ತಾರೆ, ಹಿಡಿಯದಿದ್ದರೆ ಸೆಲ್ಫ್ ಹೊಡೆದೇ ನೋಡುತ್ತಾರೆ. ಒಳಗೆ ಸವೆದ ಇಂಜೆಕ್ಟರ್‌ನ ಬಾಟಲಿ ಬೇಗ ತುಂಬುತ್ತದೆ. ಅಷ್ಟು ಡೀಸೆಲ್ ವಾಪಸ್ ಹೋದರೆ ಇಂಜೆಕ್ಟರುಗಳಿಗೆ ಡೀಸೆಲ್ ಕೊಡುವ ರೈಲ್ ಅನ್ನುವ ಪೈಪಿನಲ್ಲಿ ಪ್ರೆಶರ್ ಏರುವುದಿಲ್ಲ, ಕಾರು ಸ್ಟಾರ್ಟ್ ಆಗುವುದಿಲ್ಲ. ನನ್ನ ಕಾರಿನಲ್ಲಿ ಮೂರನೆಯ ಬಾಟಲಿ ಒಂದೇ ತುಂಬಿತ್ತು, ಉಳಿದ ಮೂರೂ ಸಮ ಇದ್ದವು. ನಾಲ್ಕನ್ನೂ ಬಿಚ್ಚಿಸಿ ಬಳ್ಳಾರಿಯ ಡೀಸೆಲ್ ಲ್ಯಾಬಿಗೆ ಒಯ್ದು ಮೆಷಿನ್ ಮೇಲೆ ಚೆಕ್ ಮಾಡಿಸಿದೆ. ಒಂದು ಬದಲಾಯಿತು, ಪಂಪಿಗೆ ಏನೂ ಆಗಿರಲಿಲ್ಲ. ಹೊಸ ಇಂಜೆಕ್ಟರ್ ಒಂದಕ್ಕೇ ಹತ್ತು ಸಾವಿರ ದಾಟುವ ಕಾಲದಲ್ಲಿ ಇದು ಸಣ್ಣ ಉಳಿತಾಯ ಅಲ್ಲ ಅಲ್ವಾ?

ಕೂರಿಸುವಾಗ ಎರಡು ವಿಷಯ ಕೇಳಿ. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಬೇಕು. ಅನೇಕ ಕಾರುಗಳಲ್ಲಿ ಹೊಸ ಇಂಜೆಕ್ಟರ್ ಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಕಾರಿನ ಕಂಪ್ಯೂಟರಿಗೆ ಕೊಡಬೇಕಾಗುತ್ತದೆ. ಅದನ್ನು ಬಿಟ್ಟರೆ ಹೊಸ ಸಾಮಾನು ಹಾಕಿದರೂ ಹೊಗೆ, ನಡುಕ ಉಳಿದುಬಿಡಬಹುದು.

ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊ ಹೋಗಿದೆ ಅಂದರೂ ಇದೇ ದಾರಿ. ಪಿಕಪ್ ಇಲ್ಲ, ಕಪ್ಪು ಹೊಗೆ, ಸುಯ್ ಅನ್ನುವ ಶಬ್ದ ಇದ್ದರೆ ಮೊದಲು ಆ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಹೋಸ್ ಪೈಪ್ ನೋಡಿಸಿ. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಪೈಪ್ ಸರಿ ಇದ್ದರೆ, ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಗಾಳಿ ಪೈಪ್ ತೆಗೆಸಿ, ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಲು ಹೇಳಿ. ಅಕ್ಕಪಕ್ಕ ತುಸು ಆಡಿದರೆ ಚಿಂತೆ ಇಲ್ಲ. ಹಿಂದೆಮುಂದೆ ಆಡಿದರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೊ ಕೆಲಸ ಮಾಡಿಸಲೇಬೇಕು. ಆಗ "ಯಾಕೆ ಹೋಯಿತು?" ಅಂತ ಕೇಳದೆ ಬಿಡಬೇಡಿ. ಆಯಿಲ್ ಹೋಗುವ ಪೈಪ್ ಕಟ್ಟಿಕೊಂಡಿದ್ದರೆ ಹೊಸ ಟರ್ಬೊ ಕೂಡ ಅದೇ ಕಾರಣಕ್ಕೆ ಹೋಗುತ್ತದೆ.

ಎಸ್ಟಿಮೇಟ್ ಬರೆಸಿಕೊಳ್ಳಿ. ಸಾಮಾನು ಬೇರೆ, ಲೇಬರ್ ಬೇರೆ ಇರಲಿ. ಹಳೇ ಸಾಮಾನು ವಾಪಸ್ ಕೊಡಿ ಅಂತ ಮೊದಲೇ ಹೇಳಿ. ಟರ್ಬೊ, ಇಂಜೆಕ್ಟರ್ ಎಕ್ಸ್‌ಚೇಂಜ್‌ನಲ್ಲಿ ತೆಗೆದುಕೊಂಡರೆ ಹಳೆಯದು ಅವರಿಗೇ ಹೋಗುತ್ತದೆ, ಅದು ನ್ಯಾಯ. ಫೋಟೊ ತೆಗೆದಿಟ್ಟುಕೊಂಡರೆ ಸಾಕು. ಗುಜರಿ ಸಾಮಾನು ಬಾಗಿಲಿಗೆ, ಲೈಟಿಗೆ ನಡೆಯುತ್ತದೆ. ಬ್ರೇಕಿಗೆ, ಟೈಮಿಂಗ್ ಚೈನಿಗೆ ಬೇಡವೇ ಬೇಡ.

ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅಂತ ತಿಳಿದಿರಬೇಕು. ಎಸಿ, ಕೆಳಗಿನ ಗಡಗಡ ಶಬ್ದ ಒಮ್ಮೆ ತೋರಿಸಿದ ಮೇಲೆ, ಅಪಾಯ ಇಲ್ಲ ಅಂದರೆ, ಮುಂದಿನ ತಿಂಗಳಿಗೆ ಹಾಕಬಹುದು. ಬ್ರೇಕ್ ಕಾಯುವುದಿಲ್ಲ. ಆಯಿಲ್ ಲೈಟ್ ಹತ್ತಿದರೆ, ಹೀಟ್ ಮುಳ್ಳು ಕೆಂಪಿಗೆ ಹೋದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿರುತ್ತದೆ, "ಇನ್ನೊಂದು ಊರು ಹೋಗೋಣ" ಅಂದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆಗಿ ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ. ಲಾರಿಯಲ್ಲೋ ಟೋಯಿಂಗ್‌ನಲ್ಲೋ ತರಿಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ತೋರಣಗಲ್ಲು ಕಡೆ ಓಡಾಡುವವರು ಏರ್ ಫಿಲ್ಟರ್ ಬೇಗ ಬೇಗ ನೋಡಿಸಿ. ಅಲ್ಲಿಯ ಕೆಂಪು ಅದಿರಿನ ಧೂಳು ಬೇಗ ಕಟ್ಟುತ್ತದೆ. ಡೀಸೆಲ್ ಫಿಲ್ಟರಿನ ನೀರು ತೆಗೆಸುವುದು ಕೂಡ ಮರೆಯಬೇಡಿ.

ಇನ್ನು ರಿಪೇರಿಯೋ ಮಾರಾಟವೋ ಅನ್ನುವ ಪ್ರಶ್ನೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ದೆಹಲಿಯ ನಿಯಮದ ಸುದ್ದಿ ಕೇಳಿ ಹೆದರಿ, ಏಜೆಂಟರಿಗೆ ಅಗ್ಗಕ್ಕೆ ಕೊಟ್ಟವರನ್ನು ನೋಡಿ ನನಗೆ ಸಂಕಟ ಆಗಿದೆ. ಅದು ದೆಹಲಿ ಸುತ್ತಮುತ್ತಲಿಗೆ ಬಂದ ನಿಯಮ. ನಮ್ಮಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕವೇ 5,000 ರೂಪಾಯಿಗೆ ಏರಿತು, ಗ್ರೀನ್ ಟ್ಯಾಕ್ಸ್ ಬೇರೆ. ಈ ಖರ್ಚನ್ನೂ ರಿಪೇರಿ ಲೆಕ್ಕಕ್ಕೆ ಸೇರಿಸಿ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ, ಕೆಳಗಿನ ತಗಡು ತುಕ್ಕು ಹಿಡಿದಿಲ್ಲ ಅಂದರೆ ನಾನಾದರೆ ಇಂಜೆಕ್ಟರ್, ಟರ್ಬೊ, ಕ್ಲಚ್‌ಗೆ ದುಡ್ಡು ಹಾಕುತ್ತೇನೆ. ನೀಲಿ ಹೊಗೆ ಬರುತ್ತಿದ್ದು, ಸಿಲಿಂಡರ್ ಒಳಗಿನ ಒತ್ತಡ ನೋಡುವ ಕಂಪ್ರೆಶನ್ ಟೆಸ್ಟ್‌ನಲ್ಲೂ ಎಂಜಿನ್ ಸೋತರೆ, ಎಂಜಿನ್ ಬಿಚ್ಚಿ ಮಾಡುವ ಪೂರ್ತಿ ಬೋರ್ ಕೆಲಸಕ್ಕೆ ಒಪ್ಪುವ ಮೊದಲು ಅದೇ ಮಾಡೆಲ್ ಕಾರು ಊರಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ವಿಚಾರಿಸಿ. ರಿಪೇರಿ ಬಿಲ್ ಅದರ ಅರ್ಧ ಬೆಲೆ ದಾಟಿದರೆ, ಕೆಟ್ಟಿರುವುದನ್ನು ಬಚ್ಚಿಡದೆ ಹೇಳಿ, ಇದ್ದ ಸ್ಥಿತಿಯಲ್ಲೇ ಕೊಟ್ಟುಬಿಡಿ. ಆರ್‌ಸಿ ವರ್ಗಾವಣೆ ಆಗುವವರೆಗೂ ಏಜೆಂಟರ ಬೆನ್ನು ಬಿಡಬೇಡಿ.