ಟಿ.ಸಿ. ಕೊನೆಗೆ: ಪದವಿ ಕಾಲೇಜು ಬದಲಿಸುವವರ ಕಡತ ನೋಡುವ ನನ್ನ ಕ್ರಮ

ಕಾಲೇಜು ಬದಲಿಸಲು ಬರುವ ಬಹುತೇಕರು ಟಿ.ಸಿ. ಕೈಯಲ್ಲಿ ಹಿಡಿದೇ ಬರುತ್ತಾರೆ. ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಟಿ.ಸಿ. ಕೊಟ್ಟ ದಿನವೇ ಹಳೆಯ ಕಾಲೇಜಿನ ದಾಖಲಾತಿಯಿಂದ ಹೆಸರು ಹೋಗಿರುತ್ತದೆ. ಹೊಸ ಕಡೆ ಸೀಟು ಇಲ್ಲವೆಂದರೆ ವಿದ್ಯಾರ್ಥಿ ಎಲ್ಲಿಯೂ ಇಲ್ಲ.

ಹಾಗಾಗಿ ಪ್ರವೇಶ ವಿಭಾಗದಲ್ಲಿ ನಾನು ಹೇಳುವ ಕ್ರಮವೇ ಬೇರೆ. ಮೊದಲು ಅಂಕಪಟ್ಟಿಗಳ ಜೆರಾಕ್ಸ್ ಹಿಡಿದು ಹೊಸ ಕಾಲೇಜಿಗೆ ಹೋಗಿ, ನಿಮ್ಮ ಕಾಂಬಿನೇಷನ್‌ನಲ್ಲಿ, ನೀವು ಸೇರಬೇಕಾದ ಸೆಮಿಸ್ಟರ್‌ನಲ್ಲಿ, ಮಂಜೂರಾದ ಸಂಖ್ಯೆಯೊಳಗೆ ಸೀಟು ಖಾಲಿ ಇದೆಯೇ ಕೇಳಿ. ಇದ್ದರೆ ಪ್ರಾಂಶುಪಾಲರ ಸಹಿಯ ಸಮ್ಮತಿ ಪತ್ರ ಪಡೆಯಿರಿ. ಬಾಯಿಮಾತು ಸಾಲದು. ಆ ಪತ್ರ ತೋರಿಸಿ ಹಳೆಯ ಕಾಲೇಜಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಗ್ರಂಥಾಲಯ, ಲ್ಯಾಬ್, ಹಾಸ್ಟೆಲ್‌ಗಳಿಂದ ನೋ ಡ್ಯೂಸ್ (ಬಾಕಿ ಇಲ್ಲವೆಂಬ ಪತ್ರ) ಪಡೆಯಿರಿ. ಆಮೇಲೆ ವಿಶ್ವವಿದ್ಯಾಲಯದ ಅನುಮತಿ. ಟಿ.ಸಿ. ಎಲ್ಲಕ್ಕಿಂತ ಕೊನೆಗೆ.

ಹೊತ್ತು ಕೂಡ ಮುಖ್ಯ. ಮೂರನೇ ಅಥವಾ ಐದನೇ ಸೆಮಿಸ್ಟರ್ ಶುರುವಾಗುವಾಗ ಬಂದರೆ ಸರಿ. ನಡುವೆ ಬಂದರೆ ಇಂಟರ್ನಲ್ಸ್ ಅಂಕ ಎಲ್ಲಿಂದ ತರುವುದು, ಶೇ. 75 ಹಾಜರಾತಿ ಹೇಗೆ ತುಂಬುವುದು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಎರಡೂ ಕಾಲೇಜು ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದವೇ ಎಂದು ನೋಡದೆ ಮೋಸಹೋಗುವವರು ಬೆಂಗಳೂರಿನಲ್ಲಿ ಹೆಚ್ಚು. ಊರು ಒಂದೇ, ವಿವಿ ಬೇರೆ: ಬೆಂಗಳೂರು ವಿವಿ, ನಗರ ವಿವಿ, ಉತ್ತರ ವಿವಿ. ಮೈಸೂರು ವಿವಿಯಲ್ಲಿದ್ದ ಹಾಸನ, ಚಾಮರಾಜನಗರಗಳಿಗೂ ಆಮೇಲೆ ಸ್ವಂತ ವಿವಿಗಳಾದವು. ಅಂಕಪಟ್ಟಿಯ ತಲೆಬರಹ ಓದಿ. ವಿವಿ ಬೇರೆಯಾದರೆ ಹಳೆಯ ವಿವಿ ಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ (ವಲಸೆ ಪ್ರಮಾಣಪತ್ರ) ಬೇಕು, ವಿಷಯಗಳ ಹೊಂದಾಣಿಕೆಯನ್ನು ಹೊಸ ವಿವಿ ಒಪ್ಪಬೇಕು. ಬಾಕಿ ಉಳಿದ ಪತ್ರಿಕೆಗಳನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಹಳೆಯ ವಿವಿಯ ಪತ್ರಿಕೆಗೆ ಹೊಸದು ಪರೀಕ್ಷೆ ನಡೆಸುವುದಿಲ್ಲ.

ಕಡತ ನಿಜವಾಗಿ ಸಿಕ್ಕಿಬೀಳುವುದು ಈ ಹೊಂದಾಣಿಕೆಯಲ್ಲೇ. ನಾನು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯುತ್ತೇನೆ: ಸೆಮಿಸ್ಟರ್, ಓದಿದ ಪತ್ರಿಕೆ, ನಮ್ಮಲ್ಲಿ ಅದಕ್ಕೆ ಸಮನಾದ ಪತ್ರಿಕೆ, ಎರಡರ ಕ್ರೆಡಿಟ್. ಬಿ.ಕಾಂ. ಹೆಚ್ಚು ಕಾಡುವುದಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಓದಿದವರು ಎಲೆಕ್ಟ್ರಾನಿಕ್ಸ್ ವಿಭಾಗವೇ ಇಲ್ಲದ ಕಾಲೇಜಿಗೆ ಬಂದರೆ ಸೀಟು ಖಾಲಿ ಇದ್ದೂ ಪ್ರಯೋಜನವಿಲ್ಲ. ಭಾಷಾ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಸಂಸ್ಕೃತ ತೆಗೆದುಕೊಂಡವರಿಗೆ ಅಲ್ಲಿ ಸಂಸ್ಕೃತದ ಅಧ್ಯಾಪಕರು ಇರಬೇಕಲ್ಲ? ಸ್ವಾಯತ್ತ ಕಾಲೇಜಾದರೆ ವಿವಿ ಒಂದೇ ಇದ್ದರೂ ಪಠ್ಯಕ್ರಮ ಅದರದೇ. ಆದ್ದರಿಂದ ಹಳೆಯ ಕಾಲೇಜಿನ ಸೀಲು ಬಿದ್ದ ಪಠ್ಯಕ್ರಮದ ಪ್ರತಿ ಜೊತೆಗಿರಲಿ.

ಇನ್ನೊಂದು ತೊಡಕು ಶಿಕ್ಷಣ ನೀತಿಯದು. ಕರ್ನಾಟಕದಲ್ಲಿ 2021-22ರಿಂದ ಸೇರಿದವರು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮದವರು, 2024-25ರಿಂದ ಸೇರಿದವರು ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಪಠ್ಯಕ್ರಮದವರು. ಎನ್‌ಇಪಿಯಲ್ಲಿ ಸೇರಿ ನಡುವೆ ಓದು ಬಿಟ್ಟವರು ಈಗ ಮರಳಿದರೆ ತರಗತಿಯಲ್ಲಿ ಎಸ್‌ಇಪಿ ಬ್ಯಾಚ್‌ನೊಂದಿಗೆ ಕೂರಬೇಕಾಗಬಹುದು. ಇಂಥವರ ಕಡತವನ್ನು ವಿವಿಯಿಂದ ಲಿಖಿತ ಉತ್ತರ ಬರುವವರೆಗೆ ನಾನು ಮುಂದೆ ಸರಿಸುವುದಿಲ್ಲ.

ಆನ್‌ಲೈನ್ ದಾಖಲೆ: ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿವಿ, ಕಾಲೇಜುಗಳ ಪ್ರವೇಶ-ಪರೀಕ್ಷೆಗಳ ಆನ್‌ಲೈನ್ ವ್ಯವಸ್ಥೆ) ಹೆಸರು ಹಳೆಯ ಕಾಲೇಜಿನಲ್ಲೇ ಉಳಿದರೆ ಹೊಸ ಕಾಲೇಜಿನಿಂದ ಪರೀಕ್ಷಾ ಅರ್ಜಿ ಹಾಕುವಾಗ ತೊಂದರೆ. ಅಲ್ಲಿ ಹಳೆಯ ಕಾಲೇಜಿನಿಂದ ಹೆಸರು ಬಿಡುಗಡೆ ಮಾಡಿಸಿದ ಮೇಲೆಯೇ ಹೊಸ ಕಾಲೇಜಿನ ಶುಲ್ಕ ಕಟ್ಟಿ. ಎಬಿಸಿ (ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಯಲ್ಲಿ ಹಿಂದಿನ ಸೆಮಿಸ್ಟರ್‌ಗಳ ಕ್ರೆಡಿಟ್ ಬಂದಿದೆಯೇ ನೋಡಿಕೊಳ್ಳಿ. ವಿದ್ಯಾರ್ಥಿವೇತನ ಬರುತ್ತಿದ್ದರೆ ಎಸ್‌ಎಸ್‌ಪಿಯಲ್ಲೂ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಕಾಲೇಜಿನ ಹೆಸರು ಬದಲಾಗಬೇಕು.

ಕಡತಕ್ಕೆ ಬೇಕಾದದ್ದು ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ, ನಡತೆ ಪ್ರಮಾಣಪತ್ರ, ಆಧಾರ್, ಮೀಸಲಾತಿ ಇದ್ದರೆ ಆರ್‌ಡಿ ಸಂಖ್ಯೆ (ಕಂದಾಯ ಇಲಾಖೆಯ ಪತ್ರದ ಮೇಲಿನ ಸಂಖ್ಯೆ) ಇರುವ ಜಾತಿ-ಆದಾಯ ಪತ್ರ. ಮೂರು ಸೆಟ್ ಜೆರಾಕ್ಸ್. ಟಿ.ಸಿ. ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಎಸ್‌ಎಸ್‌ಎಲ್‌ಸಿ ಪಕ್ಕದಲ್ಲಿಟ್ಟು ಹೆಸರು, ಇನಿಷಿಯಲ್, ಜನ್ಮದಿನಾಂಕ ಓದಿ. ಒಂದಕ್ಷರ ತಪ್ಪಿದರೂ ಅಲ್ಲೇ ತಿದ್ದಿಸಿ. ಮೂಲ ಟಿ.ಸಿ. ಹೊಸ ಕಾಲೇಜಿಗೆ ಕೊಡುವಾಗ ಸ್ವೀಕೃತಿ ಬರೆಸಿಕೊಳ್ಳಿ.