ಯುವನಿಧಿ: ಅರ್ಜಿಗೆ ಮೊದಲು ಖಾತೆ ಸರಿಮಾಡಿಕೊಳ್ಳಿ

ಓದು ಮುಗಿಸಿಯೂ ಕೆಲಸ ಸಿಗದವರಿಗೆ ಕರ್ನಾಟಕ ಸರ್ಕಾರ ಕೊಡುವ ತಿಂಗಳ ಭತ್ಯೆ ಯುವನಿಧಿ. ಅದರ ಅರ್ಜಿ ತುಂಬುವುದು ದೊಡ್ಡ ಕೆಲಸವೇನಲ್ಲ. ಆದರೆ ಅರ್ಜಿ ಹಾಕಿ, ಅದು ಮಂಜೂರೂ ಆಗಿ, ತಿಂಗಳುಗಟ್ಟಲೆ ದುಡ್ಡು ಕಾಣದೆ ಅಲೆಯುವ ಹುಡುಗ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ಮೊದಲು ಸೈಬರ್ ಸೆಂಟರ್‌ನವರನ್ನು ಕೇಳುತ್ತಾರೆ, ಆಮೇಲೆ ಬ್ಯಾಂಕಿಗೆ ಹೋಗುತ್ತಾರೆ. 'ಎಲ್ಲಾ ಸರಿ ಇದೆ, ಬರುತ್ತೆ ಹೋಗಿ' ಅಂತ ಅಲ್ಲಿಂದಲೂ ಕಳಿಸುತ್ತಾರೆ. ಸರಿ ಇರುವುದಿಲ್ಲ. ಇಂಥವರಲ್ಲಿ ಹೆಚ್ಚಿನವರ ತೊಡಕು ಇರುವುದು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬಲ್ಲಿ. ಅದಕ್ಕೇ ಇಲ್ಲಿ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ನಿಮಗೆ ಸಿಗುತ್ತದಾ?

ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ ಅಥವಾ ಹೆಚ್ಚೆಂದರೆ ಎರಡು ವರ್ಷ. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಶುರುವಾದದ್ದು ಇದು. ನೋಂದಣಿ ಆರಂಭವಾಗಿದ್ದು 2023ರ ಡಿಸೆಂಬರ್ 26ಕ್ಕೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದರು. ಆಗ 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ಆಮೇಲೆ ನಂತರದ ಸಾಲಿನವರನ್ನೂ ಸೇರಿಸಿದರು.

ಪಾಸಾಗಿ 180 ದಿನ ಕಳೆದಿರಬೇಕು, ಅಷ್ಟೂ ದಿನ ಕೆಲಸ ಇರಬಾರದು. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಎಂ.ಎ., ಬಿ.ಇಡಿ. ಹೀಗೆ ಓದು ಮುಂದುವರಿಸಿದವರಿಗೆ ಸಿಗುವುದಿಲ್ಲ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಿರುವವರಿಗೂ, ಸರ್ಕಾರದ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ಪಡೆದು ಸ್ವಂತ ಉದ್ಯೋಗ ಮಾಡುತ್ತಿರುವವರಿಗೂ ಇಲ್ಲ.

ಹಂತ 2: ನಿಮ್ಮ ಅಂಕಪಟ್ಟಿ ಎನ್‌ಎಡಿಯಲ್ಲಿ ಇದೆಯಾ?

ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಎಲ್ಲೂ ಹೋಗಬೇಕಿಲ್ಲ. ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಪದವಿ ದಾಖಲೆಯನ್ನು ಎನ್‌ಎಡಿ ಎಂಬ ರಾಷ್ಟ್ರೀಯ ಭಂಡಾರಕ್ಕೆ ಏರಿಸಿರಬೇಕು. ಯುವನಿಧಿ ಅರ್ಜಿ ಅಲ್ಲಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಇದೆಯೋ ಇಲ್ಲವೋ ನೋಡಲು ಮೊಬೈಲಿನ ಡಿಜಿಲಾಕರ್ ಸಾಕು. ಅದರಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಹುಡುಕಿ, ರಿಜಿಸ್ಟರ್ ನಂಬರ್ ಮತ್ತು ವರ್ಷ ಹಾಕಿ.

ಸಿಗಲಿಲ್ಲ ಅಂದರೆ ಸೇವಾ ಕೇಂದ್ರದವರು ಏನೂ ಮಾಡಲಾರರು. ಕಾಲೇಜಿನ ಆಫೀಸಿಗೆ ಹೋಗಿ, ಅಲ್ಲಿ ಆಗದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ. ಬರೀ ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ಹೆಸರು, ರಿಜಿಸ್ಟರ್ ನಂಬರ್, ಪಾಸಾದ ವರ್ಷ ಬರೆದು, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.

ಹಂತ 3: ಹೆಸರು

ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು. ನಮ್ಮಲ್ಲಿ ಅರ್ಧ ಜನರ ಕತೆ ಇದೇ ಅಲ್ವಾ? ಸಣ್ಣ ವ್ಯತ್ಯಾಸವಾದರೆ ಒಮ್ಮೊಮ್ಮೆ ನಡೆದುಹೋಗುತ್ತದೆ. ಹೆಸರೇ ಬೇರೆ ಅನ್ನಿಸುವಷ್ಟು ವ್ಯತ್ಯಾಸವಿದ್ದರೆ ಆಧಾರ್ ತಿದ್ದಿಸಿ. ತಿದ್ದಿಸುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳಿ, ಬೇರೆ ಯಾವುದನ್ನೂ ಅಲ್ಲ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಕೇಂದ್ರದಲ್ಲಿ ಕೊಡುವ ಚೀಟಿಯಲ್ಲಿ ಪ್ರತಿ ಅಕ್ಷರ ಓದಿ ನೋಡಿದ ಮೇಲೆಯೇ ಸಹಿ ಮಾಡಿ.

ಅಲ್ಲೇ ಇರುವಾಗ ಈಗ ಕೈಯಲ್ಲಿರುವ ಮೊಬೈಲ್ ನಂಬರನ್ನೂ ಆಧಾರ್‌ಗೆ ಸೇರಿಸಿಬಿಡಿ. ಮುಂದಿನ ಪ್ರತಿ ಹಂತಕ್ಕೂ ಓಟಿಪಿ ಬೇಕು.

ಹಂತ 4: ದುಡ್ಡು ಬರುವ ದಾರಿ

ಇದನ್ನು ನಿಧಾನವಾಗಿ ಓದಿ.

ಯುವನಿಧಿ ದುಡ್ಡನ್ನು ಸರ್ಕಾರ ನಿಮ್ಮ ಖಾತೆ ನಂಬರಿಗೆ ಹಾಕುವುದಿಲ್ಲ. ನಿಮ್ಮ ಆಧಾರ್ ನಂಬರಿಗೆ ಹಾಕುತ್ತದೆ. ಆ ಆಧಾರ್ ಯಾವ ಬ್ಯಾಂಕಿನಲ್ಲಿದೆ ಎಂದು ಹೇಳುವುದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮ ಇಟ್ಟಿರುವ ಒಂದು ಪಟ್ಟಿ. ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ನಂಬರಿನ ಪಕ್ಕ ಒಂದು ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ನಿಮ್ಮ ಹತ್ತಿರ ಮೂರು ಪಾಸ್‌ಬುಕ್ ಇದ್ದರೂ ಪಟ್ಟಿಯಲ್ಲಿರುವುದು ಒಂದೇ ಬ್ಯಾಂಕು, ಕೊನೆಗೆ ಯಾರು ಸೇರಿಸಿದರೋ ಅವರದು.

ಇಲ್ಲೇ ಎಲ್ಲರೂ ಎಡವುವುದು. ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಆಗಿದೆಯಾ' ಎಂದು ಕೇಳುತ್ತಾರೆ. ಖಾತೆ ತೆರೆಯುವಾಗಲೇ ಆಧಾರ್ ಕೊಟ್ಟಿರುತ್ತೀರಿ, ಅದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ನೋಡಿ ಕೌಂಟರಿನಲ್ಲಿರುವವರು 'ಆಗಿದೆ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನಿಮಗೆ ಬೇಕಿರುವುದು ಆ ಉತ್ತರವಲ್ಲ. 'ಎನ್‌ಪಿಸಿಐಯಲ್ಲಿ ನನ್ನ ಆಧಾರ್ ನಿಮ್ಮ ಬ್ಯಾಂಕಿಗೆ ಸೀಡ್ ಆಗಿದೆಯಾ' ಎಂದೇ ಕೇಳಬೇಕು. ಸೀಡ್ ಆಗುವುದು ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ಪಕ್ಕ ಆ ಬ್ಯಾಂಕಿನ ಗುರುತು ಸೇರುವುದು. ಗೃಹಲಕ್ಷ್ಮಿ ಬಂದ ಮೇಲೆ ಹಳ್ಳಿಯ ಹೆಂಗಸರೆಲ್ಲ 'ಎನ್‌ಪಿಸಿಐ ಮಾಡಿಸಬೇಕು' ಎನ್ನುವುದು ಇದನ್ನೇ. ಅಮ್ಮನಿಗೆ ಗೊತ್ತಿರುತ್ತದೆ, ಡಿಗ್ರಿ ಮುಗಿಸಿದ ಮಗನಿಗೆ ಗೊತ್ತಿರುವುದಿಲ್ಲ.

ಬ್ಯಾಂಕಿಗೆ ಹೋಗುವ ಮೊದಲು ನೀವೇ ನೋಡಿಕೊಳ್ಳಿ. 'ಮೈ ಆಧಾರ್' ವೆಬ್‌ಸೈಟಿಗೆ ಓಟಿಪಿ ಹಾಕಿ ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಎಂದಿರುತ್ತದೆ. ಒತ್ತಿದರೆ ಬ್ಯಾಂಕಿನ ಹೆಸರು, ಆಕ್ಟಿವ್ ಅಥವಾ ಇನ್‌ಆಕ್ಟಿವ್, ಕೊನೆಯದಾಗಿ ಬದಲಾದ ತಾರೀಕು ಕಾಣುತ್ತದೆ. ಮೂರನ್ನೂ ಓದಿ. ಬರೀ ಆಕ್ಟಿವ್ ನೋಡಿ ಖುಷಿಪಟ್ಟು ಮುಚ್ಚಬೇಡಿ, ಬ್ಯಾಂಕಿನ ಹೆಸರು ನೋಡಿ.

ಅಲ್ಲಿ ಎಂಥ ಹೆಸರು ಕಾಣಬಹುದು ಗೊತ್ತಾ? ಪಿಯುಸಿಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗಾಗಿ ಹಾಸ್ಟೆಲ್ ಪಕ್ಕದ ಶಾಖೆಯಲ್ಲಿ ತೆರೆದ ಖಾತೆ. ಪಾಸ್‌ಬುಕ್ ಎಲ್ಲಿದೆಯೋ ತಿಳಿಯದು, ಎಟಿಎಂ ಕಾರ್ಡಿನ ಅವಧಿ ಮುಗಿದಿದೆ. ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ. ಎರಡನೆಯದು, ಯಾವುದೋ ರೀಚಾರ್ಜ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟಾಗ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕ್ ಖಾತೆ. 'ಸರ್ಕಾರದ ಸೌಲಭ್ಯಗಳನ್ನು ಈ ಖಾತೆಗೇ ಪಡೆಯಲು ಒಪ್ಪಿದ್ದೇನೆ' ಎಂಬ ಸಾಲಿಗೆ ಟಿಕ್ ಬಿದ್ದಿರುತ್ತದೆ, ಒತ್ತಿದವರಿಗೆ ನೆನಪೂ ಇರುವುದಿಲ್ಲ.

ಬ್ಯಾಂಕಿನ ಹೆಸರು ನೋಡಿ ಗಾಬರಿಯಾಗಬೇಕಿಲ್ಲದ ಸಂದರ್ಭವೂ ಇದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿಗೆ ಸೇರಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಹೆಸರು ಕಂಡರೆ ಮೊದಲು ಈ ವಿಲೀನ ನೆನಪಿಸಿಕೊಳ್ಳಿ.

ಈಗ ಬದಲಿಸುವುದು. ದುಡ್ಡು ಬರಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ಕೇಳಿ. ಅದರಲ್ಲಿ, ಮೊದಲ ಸಲ ಸೇರಿಸುವವರಿಗೆ ಒಂದು ಆಯ್ಕೆ, ಬೇರೆ ಬ್ಯಾಂಕಿನಿಂದ ಇಲ್ಲಿಗೆ ಬದಲಿಸುವವರಿಗೆ ಇನ್ನೊಂದು. ಬದಲಿಸುವವರು ಈಗ ಸೀಡ್ ಆಗಿರುವ ಬ್ಯಾಂಕಿನ ಹೆಸರನ್ನು ಅಲ್ಲಿ ಬರೆಯಬೇಕು. ಎಷ್ಟೋ ಜನ ಈ ಜಾಗವನ್ನು ಖಾಲಿ ಬಿಡುತ್ತಾರೆ, ಅಥವಾ ಮೊದಲನೆಯ ಆಯ್ಕೆಗೇ ಟಿಕ್ ಮಾಡುತ್ತಾರೆ. ಹಳೇ ಬ್ಯಾಂಕಿನ ಹೆಸರಿಲ್ಲದೆ ಹೋದ ಕೋರಿಕೆ ತಿರಸ್ಕಾರವಾಗುತ್ತದೆ, ಅದನ್ನು ನಿಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಮೈ ಆಧಾರ್ ಪುಟದಲ್ಲಿ ನೋಡಿದ ಹೆಸರನ್ನು ಹಾಗೇ ಬರೆಯಿರಿ.

ಒಂದೇ ಬ್ಯಾಂಕಿನಲ್ಲಿ ನಿಮಗೆ ಎರಡು ಖಾತೆ ಇದ್ದರೆ ಇನ್ನೊಂದು ಎಚ್ಚರಿಕೆ. ಎನ್‌ಪಿಸಿಐ ಪಟ್ಟಿಯಲ್ಲಿ ಖಾತೆ ನಂಬರ್ ಇಲ್ಲವಲ್ಲ, ಹಾಗಾಗಿ ಎರಡರಲ್ಲಿ ಯಾವುದಕ್ಕೆ ಹಾಕಬೇಕು ಎಂಬುದು ಬ್ಯಾಂಕಿನ ಒಳಗೇ ತೀರ್ಮಾನವಾಗುತ್ತದೆ. ಯಾವುದು ಬೇಕೋ ಅದರ ನಂಬರನ್ನು ಫಾರಂನಲ್ಲಿ ಸ್ಪಷ್ಟವಾಗಿ ಬರೆದು, ಬಾಯಲ್ಲೂ ಹೇಳಿ.

ಬ್ಯಾಂಕಿಗೆ ಹೋಗಲು ಆಗದವರಿಗೆ ಎನ್‌ಪಿಸಿಐ ವೆಬ್‌ಸೈಟಿನಲ್ಲೇ 'ಭಾರತ್ ಆಧಾರ್ ಸೀಡಿಂಗ್ ಎನೇಬ್ಲರ್' ಎಂಬ ಸೌಲಭ್ಯ ಇದೆ. ಎಲ್ಲ ಬ್ಯಾಂಕುಗಳೂ ಅದರಲ್ಲಿ ಸೇರಿಲ್ಲ. ನಿಮ್ಮದು ಸೇರಿದ್ದರೆ ಬಳಸಿ, ಇಲ್ಲದಿದ್ದರೆ ಶಾಖೆಯೇ ಗತಿ. ಫಾರಂ ಕೊಟ್ಟ ಕೆಲವು ದಿನಗಳ ಮೇಲೆ ಮತ್ತೆ ಮೈ ಆಧಾರ್ ತೆರೆದು ನೋಡಿ. ಬ್ಯಾಂಕಿನ ಹೆಸರು ಮತ್ತು ತಾರೀಕು ಬದಲಾಗಿದ್ದರೆ ಮಾತ್ರ ಕೆಲಸ ಮುಗಿದಂತೆ. ಕೌಂಟರಿನಲ್ಲಿ 'ಆಯ್ತು' ಅಂದಿದ್ದನ್ನು ನಂಬಿ ಕೂರಬೇಡಿ.

ಯಾವ ಬ್ಯಾಂಕು ಒಳ್ಳೆಯದು ಅಂತ ಕೇಳಿದರೆ ನನ್ನದು ಒಂದೇ ಮಾತು: ನಡೆದು ಹೋಗುವಷ್ಟು ಹತ್ತಿರ ಇರುವುದು. ಬ್ಯಾಂಕು ದೂರ ಇರುವ ಊರಿನಲ್ಲಾದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿ. ಶೂನ್ಯ ಬ್ಯಾಲೆನ್ಸ್ ಸಾಕು. ಪೋಸ್ಟ್‌ಮ್ಯಾನ್ ಮನೆಬಾಗಿಲಿಗೇ ಬಂದು ಆಧಾರ್, ಬೆರಳಚ್ಚು ತೆಗೆದುಕೊಂಡು ಖಾತೆ ತೆರೆದುಕೊಡುತ್ತಾರೆ. ಸರ್ಕಾರದ ದುಡ್ಡಿಗೆ ಅಂತಲೇ ಒಂದು ಖಾತೆ ಇಟ್ಟುಕೊಂಡು, ಆಮೇಲೆ ಯಾವ ಆ್ಯಪ್ ಕೇಳಿದರೂ ಅದನ್ನು ಬದಲಿಸದೆ ಇರುವುದು ಜಾಣತನ.

ಹಂತ 5: ಅರ್ಜಿ

ಸೇವಾ ಸಿಂಧು ಗ್ಯಾರಂಟಿ ಯೋಜನೆಗಳ ಪೋರ್ಟಲ್ ತೆರೆಯಿರಿ, ಯುವನಿಧಿ ಆಯ್ದುಕೊಳ್ಳಿ, ಆಧಾರ್ ಓಟಿಪಿ ಕೊಡಿ, ಓದಿನ ವಿವರ ತುಂಬಿ, ಸಲ್ಲಿಸಿ. ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನಿನಲ್ಲಿ ಆಗದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಇವೆ.

ಪ್ಲೇ ಸ್ಟೋರಿನಲ್ಲಿ 'ಯುವನಿಧಿ ಸ್ಟೇಟಸ್' ಅಂತ ಹೆಸರಿಟ್ಟುಕೊಂಡ ಖಾಸಗಿ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಜಾಹೀರಾತು ತೋರಿಸಿ ನಿಮ್ಮ ಆಧಾರ್ ನಂಬರ್ ತೆಗೆದುಕೊಳ್ಳುವುದು ಬಿಟ್ಟರೆ ಅವುಗಳಿಂದ ಏನೂ ಆಗುವುದಿಲ್ಲ. ದುಡ್ಡು ಬಂತಾ ಅಂತ ನೋಡಲು ಸರ್ಕಾರದ್ದೇ 'ಡಿಬಿಟಿ ಕರ್ನಾಟಕ' ಆ್ಯಪ್ ಇದೆ. ಯಾವ ತಾರೀಕಿಗೆ, ಯಾವ ಬ್ಯಾಂಕಿಗೆ ಹೋಯಿತು ಎಂದು ಅದು ತೋರಿಸುತ್ತದೆ. 'ಇಷ್ಟು ಕೊಟ್ಟರೆ ಬೇಗ ಮಂಜೂರು ಮಾಡಿಸ್ತೀವಿ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಾಟ್ಸ್ಆ್ಯಪ್ ಲಿಂಕ್ ಒತ್ತಿ ಓಟಿಪಿ ಕೊಟ್ಟು ಖಾತೆಯಿಂದ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 6: ಸ್ವಯಂ ಘೋಷಣೆ

ಮೊದಲ ಕಂತು ಬಂದು ಆಮೇಲೆ ನಿಂತುಹೋದವರು ಈ ಹಂತ ನೋಡಲೇಬೇಕು. 'ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ, ಕರ್ನಾಟಕದಲ್ಲೇ ಇದ್ದೇನೆ' ಎಂದು ಆಗಾಗ ಪೋರ್ಟಲ್‌ನಲ್ಲಿ ಘೋಷಿಸುತ್ತಿರಬೇಕು. ಶುರುವಿನಲ್ಲಿ ಇದನ್ನು ಪ್ರತಿ ತಿಂಗಳು 25ರೊಳಗೆ ಮಾಡಬೇಕಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಎಂದು ಬದಲಿಸಿದರು. ನಿಮ್ಮ ಮುಂದಿನ ಘೋಷಣೆ ಯಾವಾಗ ಎಂದು ಪೋರ್ಟಲ್‌ನಲ್ಲಿ ನೋಡಿ ಫೋನಿನಲ್ಲಿ ಅಲಾರಂ ಇಡಿ. ಕೊನೆಯ ದಿನಕ್ಕೆ ಕಾಯಬೇಡಿ, ಆವತ್ತು ಸರ್ವರ್ ಕೈಕೊಟ್ಟರೆ ಯಾರನ್ನು ಕೇಳುತ್ತೀರಿ?

ಕೆಲಸ ಸಿಕ್ಕರೆ ಅದನ್ನೂ ಹೀಗೇ ತಿಳಿಸಬೇಕು. ಸಂಬಳ ತೆಗೆದುಕೊಳ್ಳುತ್ತಾ ಭತ್ಯೆಯನ್ನೂ ಪಡೆದರೆ ದಂಡ ಬೀಳುತ್ತದೆ. ದಂಡದ ಮಾತು ಬಿಡಿ, ಅದು ಕೆಲಸವಿಲ್ಲದ ಇನ್ನೊಬ್ಬರಿಗೆ ಸೇರಬೇಕಾದ ದುಡ್ಡು.

ಎಲ್ಲಾ ಸರಿ ಇದ್ದೂ ಬರಲಿಲ್ಲ ಅಂದರೆ

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ. ಯೋಜನೆ ನಡೆಸುವುದು ಕೌಶಲ್ಯಾಭಿವೃದ್ಧಿ ಇಲಾಖೆ, ಈ ಕಚೇರಿ ಅದರದ್ದೇ. ಬರಿಗೈಲಿ ಹೋಗಬೇಡಿ. ಅರ್ಜಿ ಸಂಖ್ಯೆ, ಮೈ ಆಧಾರ್‌ನ ಸೀಡಿಂಗ್ ಪುಟದ ಪ್ರಿಂಟ್, ಡಿಬಿಟಿ ಆ್ಯಪಿನ ಸ್ಕ್ರೀನ್‌ಶಾಟ್, ಕೊನೆಯ ಸ್ವಯಂ ಘೋಷಣೆಯ ದಾಖಲೆ, ಈ ನಾಲ್ಕು ಕೈಯಲ್ಲಿದ್ದರೆ ತಡೆ ಎಲ್ಲಿದೆ ಎಂದು ಅವರು ಅಲ್ಲೇ ಹೇಳಬಲ್ಲರು. ಅಲ್ಲೂ ಬಗೆಹರಿಯದಿದ್ದರೆ ತಾಲ್ಲೂಕಿನ ಗ್ಯಾರಂಟಿ ಅನುಷ್ಠಾನ ಸಮಿತಿಗೆ ಲಿಖಿತವಾಗಿ ಕೊಡಿ.

ಆ ಕಚೇರಿಗೆ ಹೋದಾಗ ದುಡ್ಡಿನ ವಿಷಯ ಮಾತ್ರ ಕೇಳಿ ವಾಪಸ್ ಬರಬೇಡಿ. ಯುವನಿಧಿ ಫಲಾನುಭವಿಗಳಿಗೆ ಯಾವ ತರಬೇತಿ ನಡೆಯುತ್ತಿದೆ, ಸರ್ಕಾರದ ತಾಂತ್ರಿಕ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಮುಂದಿನ ಬ್ಯಾಚ್ ಯಾವಾಗ ಎಂದು ವಿಚಾರಿಸಿ. 'ಸ್ಕಿಲ್ ಕನೆಕ್ಟ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಮುಂದಿನ ಉದ್ಯೋಗ ಮೇಳದ ತಾರೀಕನ್ನು ಬರೆದುಕೊಂಡು ಬನ್ನಿ.