ಮುದ್ದೆ ಇಳೀತಿಲ್ಲ ಸಾರ್: ಅರ್ಮಾ ಮಾಡಿ ನಾನು ಕಲಿತದ್ದು

ಹೊಟ್ಟೆಯ ಆಸಿಡ್ ಅನ್ನನಾಳಕ್ಕೆ ಮೇಲೆ ಬರುವುದಕ್ಕೆ ನಮ್ಮ ಓಪಿಡಿಯಲ್ಲಿ ಯಾರೂ ರಿಫ್ಲಕ್ಸ್ ಅನ್ನುವುದಿಲ್ಲ. ‘ಗ್ಯಾಸ್ಟ್ರಿಕ್ ಸಾರ್, ಐದು ವರ್ಷದಿಂದ ಮಾತ್ರೆ, ಬಿಟ್ಟರೆ ಎದೆ ಉರಿ. ಎಂಡೋಸ್ಕೋಪಿಯಲ್ಲೇ ಸರಿ ಮಾಡ್ತಾರಂತಲ್ಲ?’ ಅಂತ ಕೇಳುತ್ತಾರೆ.

ಮಾಡಬಹುದು. ನಾನು ಮಾಡುವುದು ಅರ್ಮಾ: ಅನ್ನನಾಳ ಹೊಟ್ಟೆ ಸೇರುವ ಬಾಗಿಲ ಸುತ್ತಿನ ಒಳಪದರವನ್ನು ಎಂಡೋಸ್ಕೋಪಿಯಲ್ಲೇ ಸುಟ್ಟು, ಬಾಗಿಲು ಬಿಗಿ ಮಾಡುವುದು. ಆದರೆ ಎಲ್ಲರಿಗೂ ಅಲ್ಲ. ಮೊದಲು ಸ್ಕೋಪಿನ ತುದಿಯನ್ನು ಹೊಟ್ಟೆಯೊಳಗೆ ಹಿಂದಕ್ಕೆ ಬಾಗಿಸಿ, ಅನ್ನನಾಳದ ಬಾಗಿಲನ್ನು ಕೆಳಗಿನಿಂದ ನೋಡುತ್ತೇನೆ. 2 ಸೆಂಟಿಮೀಟರಿಗಿಂತ ದೊಡ್ಡ ಹರ್ನಿಯಾ, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ಜಾರಿರುವುದು, ಇದ್ದರೆ ಸರ್ಜನ್ ಹತ್ತಿರ ಕಳಿಸುತ್ತೇನೆ. ಇಲ್ಲದಿದ್ದರೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ, ಆಮೇಲೆ ಮಾತ್ರೆ ಒಂದು ವಾರ ನಿಲ್ಲಿಸಿ, ಅನ್ನನಾಳದಲ್ಲಿ ಆಸಿಡ್ ಎಷ್ಟು ಹೊತ್ತು ಇರುತ್ತದೆ ಅಂತ ನೋಡುವ 24 ಗಂಟೆ ಪಿಎಚ್ ಟೆಸ್ಟ್. ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಮನೆಗೆ ಹೋಗಬೇಕು ಅಂದ ಕೂಡಲೇ ಅರ್ಧ ಜನ ಮಾಯ! ಪಿಎಚ್ 4ಕ್ಕಿಂತ ಕೆಳಗಿರುವ ಹೊತ್ತು ಶೇ 6 ದಾಟಿದರೆ ಆಸಿಡ್ ನಿಜವಾಗಿ ಮೇಲೆ ಬರುತ್ತಿದೆ ಅಂತ. ಶೇ 4ರ ಒಳಗಿದ್ದವರಿಗೆ ಬಾಗಿಲು ಬಿಗಿ ಮಾಡಿ ಏನು ಪ್ರಯೋಜನ?

ಬಾಗಿಲು ಬಿಗಿ ಮಾಡುವ ಬೇರೆ ವಿಧಾನಗಳೂ ಇವೆ. ಹೊಟ್ಟೆಯ ಮೇಲ್ಭಾಗವನ್ನು ಒಳಗಿನಿಂದಲೇ ಮಡಚಿ ಕಟ್ಟುವ ಟಿಐಎಫ್‌ಗೆ ಬೇರೆ ಸಾಧನ ಬೇಕು, ದುಬಾರಿ. ರೇಡಿಯೋ ತರಂಗದಿಂದ ಬಾಗಿಲಿಗೆ ಬಿಸಿ ಕೊಡುವ ಸ್ಟ್ರೆಟ್ಟಾದ ಫಲಿತಾಂಶ ಒಂದೇ ಥರ ಇಲ್ಲ, ನನಗೆ ಅಷ್ಟು ನಂಬಿಕೆ ಬರಲಿಲ್ಲ. ಅರ್ಮಾಗೆ ನಮ್ಮಲ್ಲಿದ್ದ, ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಸುಡುವ ಯಂತ್ರವೇ ಸಾಕಾಯಿತು. ಇದರ ಹಿಂದೆ ಜಪಾನಿನ ಹರುಹಿರೊ ಇನೊಯೆ ಅವರ ಕೆಲಸವಿದೆ. 2014ರಲ್ಲಿ ಅವರು ಬಾಗಿಲ ಸುತ್ತಿನ ಒಳಪದರವನ್ನು ಕತ್ತರಿಸಿ ತೆಗೆಯುವ ವಿಧಾನ ವರದಿ ಮಾಡಿದ್ದರು. ಗಾಯ ಮಾಗುವಾಗ ಚರ್ಮ ಸುಕ್ಕುತ್ತದಲ್ವಾ, ಹಾಗೇ ಇಲ್ಲೂ ಬಾಗಿಲು ಬಿಗಿಯಾಗುತ್ತದೆ. ಅರ್ಮಾದಲ್ಲಿ ಕತ್ತರಿಸುವ ಬದಲು ಸುಡುತ್ತೇವೆ. ಒಳಪದರದ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿದರೆ ಅದು ಪೂರಿಯ ಹಾಗೆ ಉಬ್ಬುತ್ತದೆ, ಆ ಉಬ್ಬಿನ ಮೇಲೆ ಸುಟ್ಟರೆ ಕೆಳಗಿನ ಸ್ನಾಯುವಿಗೆ ಬಿಸಿ ತಾಗುವುದಿಲ್ಲ. ಸುತ್ತ ಪೂರ್ತಿ ಸುಡಬಾರದು, ಎರಡು ಕಡೆ ಸ್ಕೋಪಿನ ದಪ್ಪದಷ್ಟು ಜಾಗ ಬಿಡಬೇಕು.

ಶುರುವಿನ ಕೇಸೊಂದರಲ್ಲಿ ನಾನು ಜಾಗ ಕಮ್ಮಿ ಬಿಟ್ಟೆ. ಬಿಗಿಯಾದರೆ ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ, ದಡ್ಡತನ. ಗಂಜಿ ಕುಡಿಯುವಷ್ಟು ದಿನ ಆ ಪೇಷಂಟ್ ಆರಾಮಾಗಿದ್ದರು. ಮೂರನೇ ವಾರ ಫೋನ್ ಬಂತು: ‘ಉರಿ ಇಲ್ಲ, ಆದರೆ ಮುದ್ದೆ ಇಳೀತಿಲ್ಲ ಸಾರ್.’ ಮುದ್ದೆ ಅಗಿಯುವುದಲ್ಲ, ನುಂಗುವುದು. ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಜಪಾನಿ ಊಟದಲ್ಲಿದೆ? ಎರಡು ಸಲ ಬಲೂನ್ ಹಾಕಿ ಹಿಗ್ಗಿಸಬೇಕಾಯಿತು.

ಈಗ ಕನ್ಸೆಂಟ್ ತಗೊಳ್ಳುವಾಗಲೇ ಮನೇಲಿ ಮುದ್ದೆಯಾ, ಚಪಾತಿಯಾ ಅಂತ ಕೇಳುತ್ತೇನೆ. ನಮ್ಮ ಸಿಸ್ಟರ್‌ಗೆ ನಗು. ಆ ಮುದ್ದೆ ಪೇಷಂಟ್ ಈಗ ಮಾತ್ರೆ ಬಿಟ್ಟಿದ್ದಾರೆ, ಮದುವೆ ಊಟದ ಮಾರನೇ ದಿನ ಒಂದು ಬೇಕಾಗುತ್ತದಂತೆ. ಮುದ್ದೆ ಮಾತ್ರ ಮೊದಲಿನ ಅರ್ಧ ಗಾತ್ರದ ತುತ್ತು ಮಾಡಿ ನುಂಗುತ್ತಾರೆ.